ಸುತ್ತುನೋಟದ ಹೊಲೊಗ್ರಾಂ

ಯಾವುದಾದರೊಂದು ವಸ್ತುವಿನ ಬಿಂಬವನ್ನು, ಆ ವಸ್ತುವೇ ಕಣ್ಣೆದುರಿಗೆ ಇದ್ದಿದ್ದರೆ ಹೇಗೋ ಹಾಗೆಯೇ, ಸುತ್ತಲೂ ನಡೆದಾಡಿ, ಮುಂದಿನಿಂದ ಮುಖವನ್ನೂ ಹಿಂದಿನಿಂದ ಬೆನ್ನನ್ನೂ ಎಡಬಲಗಳಿಂದ ಪಾರ್ಶ್ವಗಳನ್ನೂ, ಕನ್ನಡಕವೇ ಮೊದಲಾದ ಯಾವ ಉಪಕರಣದ ನೆರವೂ ಇಲ್ಲದೆ ಬರಿಗಣ್ಣಿನಿಂದ ನೋಡಲು ಶಕ್ಯವಾಗುವಂತೆ ರಚಿಸಿದ ದೃಶ್ಯಸಾಧನವನ್ನು ಸುತ್ತುನೋಟದ ಹೊಲೊಗ್ರಾಂ ಎಂದು ಹೇಳಬಹುದು. ಬಿಂಬದ ಸುತ್ತ ನಿಂತ ಪ್ರತಿಯೊಬ್ಬನಿಗೂ ಅವನವನ ಸ್ಥಾನಕ್ಕೆ ತಕ್ಕ ಪ್ರತ್ಯೇಕವಾದ ನೋಟ ದೊರೆಯಬೇಕು. ಆ ನೋಟದೊಳಗೂ ಅವನ ಎಡಗಣ್ಣಿಗೊಂದು ಬಲಗಣ್ಣಿಗೊಂದು ಎಂಬಂತೆ ಸೂಕ್ಷ್ಮವಾದ ಭೇದವಿರಬೇಕು. ಹತ್ತಿರದ ಭಾಗ ದೂರದ ಭಾಗವನ್ನು ಮರೆಮಾಡಬೇಕು, ಪ್ರೇಕ್ಷಕ ಒಂದು ಹೆಜ್ಜೆ ಸರಿದೊಡನೆ ಮರೆಯಾದುದು ಮತ್ತೆ ತೋರಬೇಕು. ಈ ಲಕ್ಷಣಗಳನ್ನೆಲ್ಲ ಒಟ್ಟಿಗೆ ಪೂರೈಸುವ ಸಾಧನಗಳು ಜಗತ್ತಿನಲ್ಲಿ ಇನ್ನೂ ವಿರಳ. ಅವುಗಳಲ್ಲಿ ಕೆಲವನ್ನು ಪೂರೈಸಿ ಕೆಲವನ್ನು ಬಿಟ್ಟಿರುವ ಸಾಧನಗಳಿಗೂ, ಒಂದನ್ನೂ ಪೂರೈಸದ ಸಾಧನಗಳಿಗೂ ಇಂದಿನ ವ್ಯಾಪಾರಲೋಕ ಈ ಹೆಸರನ್ನು ಕೊಡುತ್ತಿರುವುದರಿಂದ, ಜಿಜ್ಞಾಸುವಾದವನು ಹೆಸರನ್ನು ಬಿಟ್ಟು ಲಕ್ಷಣವನ್ನು ಹಿಡಿದು ಹೊರಡುವುದೇ ಲೇಸು.

ಘನವಸ್ತು ಘನವೆಂದು ಕಣ್ಣಿಗೆ ತಿಳಿಯುವುದು ಮುಖ್ಯವಾಗಿ ಸ್ಥಾನಭೇದದಿಂದ ನೋಟದಲ್ಲಿ ಉಂಟಾಗುವ ಪಲ್ಲಟದಿಂದ; ಇದಕ್ಕೆ ವಿಜ್ಞಾನಿಗಳು ದೃಗ್ಭೇದವೆನ್ನುತ್ತಾರೆ. ಸುರಪುರ ಸೀಮೆಯವರಿಗೆ ಇದನ್ನು ಅರಿಯಲು ಶಹಾಪುರದ ಸಮೀಪದ ವಿಭೂತಿಹಳ್ಳಿಯ ಬಯಲಿಗಿಂತ ಉತ್ತಮವಾದ ಪಾಠಶಾಲೆ ಬೇರೊಂದಿಲ್ಲ. ಬೃಹತ್ ಶಿಲಾ ಸಂಸ್ಕೃತಿಯ ಜನರು ಅಲ್ಲಿ ದೊಡ್ಡ ದೊಡ್ಡ ಕಲ್ಲುಗುಂಡುಗಳನ್ನು ಸಮಾನಾಂತರದ ಸಾಲುಗಳಲ್ಲಿ, ಚೌಕುಳಿಯ ಮೂಲೆಮೂಲೆಗೆ ಒಂದೊಂದರಂತೆ, ಇಟ್ಟುಹೋಗಿದ್ದಾರೆ. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರ್ ಈ ಸೀಮೆಯ ಇಂಥ ಶಿಲಾನಿವೇಶಗಳನ್ನು ಸ್ವತಃ ಪರೀಕ್ಷಿಸಿ, ವಿವರಿಸಿ, ವಿದ್ವಲ್ಲೋಕದ ಗಮನಕ್ಕೆ ತಂದವನು. ಆ ಸಾಲುಗಳ ಅಂಚಿನಲ್ಲಿ ನಡೆಯುತ್ತ ಹೋದವನಿಗೆ ಹತ್ತಿರದ ಕಲ್ಲುಗಳು ಬೇಗನೆ ಹಿಂದೆ ಸರಿಯುವಂತೆಯೂ ದೂರದವು ಮೆಲ್ಲಮೆಲ್ಲನೆ ಸರಿಯುವಂತೆಯೂ ತೋರುತ್ತವೆ. ಕೆಲವು ದಿಕ್ಕುಗಳಲ್ಲಿ ಅವೆಲ್ಲ ಒಂದರ ಹಿಂದೊಂದು ಅಡಗಿ ನೇರವಾದ ಓಣಿಗಳು ತೆರೆಯುತ್ತವೆ, ಇನ್ನು ಕೆಲವು ದಿಕ್ಕುಗಳಲ್ಲಿ ಆ ಓಣಿಗಳು ಮುಚ್ಚಿ ಕಲ್ಲುಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಂತೆ ಕಾಣುತ್ತವೆ. ಬಯಲು ಒಂದೇ, ಕಲ್ಲುಗಳೂ ಅವೇ. ಆದರೆ ನಿಂತ ನೆಲೆಯೊಂದೊಂದಕ್ಕೂ ನೋಟ ಬೇರೆಬೇರೆ. ಸುತ್ತುನೋಟದ ಬಿಂಬವೆಂದರೆ ಇಂಥ ನೋಟಗಳ ಸಮಸ್ತ ಸಮುದಾಯವನ್ನು, ಆಯಾ ನೋಟಕ್ಕೆ ಅದರದರ ದಿಕ್ಕನ್ನು ತಪ್ಪದಂತೆ ಹೊಂದಿಸಿ, ಏಕಕಾಲದಲ್ಲಿ ಒದಗಿಸುವ ಸಾಧನ.

ಚಿತ್ರವಾಗಲಿ ಛಾಯಾಚಿತ್ರವಾಗಲಿ ಇದನ್ನು ಮಾಡಲಾರದು. ಸುರಪುರದ ನಾಯಕರ ಆಶ್ರಯದಲ್ಲಿ ಬೆಳೆದ, ಗರುಡಾದ್ರಿ ಮನೆತನದವರ ಕೈಯಲ್ಲಿ ಪ್ರಸಿದ್ಧಿಗೆ ಬಂದ ಚಿತ್ರಕಲೆಯ ಮಾದರಿಗಳನ್ನು ನೋಡಿದವರು ಒಂದು ಸಂಗತಿಯನ್ನು ಗಮನಿಸಿರಬಹುದು: ಪಟದೆದುರಿಗೆ ತಲೆಯನ್ನು ಅತ್ತಿತ್ತ ತಿರುಗಿಸಿದರೆ ದೇವರ ಮುಖವಾಗಲಿ ಮಂಟಪದ ಕಂಬವಾಗಲಿ ಒಂದಿನಿತೂ ಸರಿಯುವುದಿಲ್ಲ, ಆದರೆ ಆಭರಣಗಳಿಗೆ ಹಚ್ಚಿದ ಚಿನ್ನದ ಹೊಳಪು ಮಾತ್ರ ನಮ್ಮೊಡನೆ ಸರಿಯುತ್ತದೆ. ಬಣ್ಣ ತನ್ನ ಮೇಲೆ ಬಿದ್ದ ಬೆಳಕನ್ನು ಎಲ್ಲ ದಿಕ್ಕುಗಳಿಗೂ ಒಂದೇ ಬಗೆಯಾಗಿ ಚೆದುರಿಸುತ್ತದೆ. ಚಿನ್ನದ ರೇಕು ಒಂದೊಂದು ದಿಕ್ಕಿಗೆ ಒಂದೊಂದು ಪ್ರಮಾಣದಲ್ಲಿ ಕಳಿಸುತ್ತದೆ. ಛಾಯಾಚಿತ್ರದ ಫಿಲ್ಮು ಬೆಳಕಿನ ತೀಕ್ಷ್ಣತೆಯನ್ನಷ್ಟೇ ಬರೆದುಕೊಳ್ಳುತ್ತದೆ, ಆ ಬೆಳಕು ಎತ್ತಣಿಂದ ಬಂತೆಂಬುದನ್ನು ಕಳೆದುಬಿಡುತ್ತದೆ. ಕಳೆದುಹೋದ ಈ ದಿಕ್ಕನ್ನು ಉಳಿಸಿಕೊಂಡು, ಪಟಲದ ಪ್ರತಿಯೊಂದು ಬಿಂದುವೂ ದಿಕ್ಕುದಿಕ್ಕಿಗೆ ಬೇರೆಬೇರೆ ಬೆಳಕನ್ನು ಕಳಿಸುವಂತೆ ಮಾಡುವುದರಲ್ಲಿ ಹೊಲೊಗ್ರಾಫಿಯ ಪ್ರಯೋಜನವೆಲ್ಲ ಅಡಗಿದೆ.

ಅದರ ಉಪಾಯವನ್ನು 1947ರಲ್ಲಿ ಕಂಡವನು ಹಂಗೆರಿಯಲ್ಲಿ ಹುಟ್ಟಿ ಇಂಗ್ಲೆಂಡಿನ ರಗ್ಬಿ ಪಟ್ಟಣದ ವಿದ್ಯುತ್ ಕಾರ್ಖಾನೆಯೊಂದರ ಸಂಶೋಧನಾಲಯದಲ್ಲಿ ದುಡಿಯುತ್ತಿದ್ದ ಡೆನಿಸ್ ಗೇಬರ್. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಬಿಂಬವನ್ನು ಸ್ಫುಟಗೊಳಿಸುವುದು ಅವನ ಉದ್ದೇಶವಾಗಿತ್ತೇ ಹೊರತು ಘನದರ್ಶನವಲ್ಲ. ಬೆಳಕು ತರಂಗವಾದ್ದರಿಂದ ಅದಕ್ಕೆ ಎತ್ತರವೂ ಉಂಟು, ಏರಿಳಿತದ ಯಾವ ಹಂತದಲ್ಲಿದೆ ಎಂಬ ಪ್ರಾವಸ್ಥೆಯೂ ಉಂಟು. ಫಿಲ್ಮಿಗೆ ಪ್ರಾವಸ್ಥೆ ತಿಳಿಯದು. ಆದರೆ ವಸ್ತುವಿನಿಂದ ಚೆದುರಿ ಬಂದ ತರಂಗದೊಡನೆ ಕ್ರಮಬದ್ಧವಾದ ಇನ್ನೊಂದು ತರಂಗವನ್ನು ಬೆರೆಸಿದರೆ, ಎರಡೂ ಏರುವೆಡೆ ಬೆಳಕು, ಒಂದು ಏರಿ ಇನ್ನೊಂದು ಇಳಿಯುವೆಡೆ ಕತ್ತಲು, ಹೀಗೆ ವ್ಯತಿಕರಣದ ಗೆರೆಗಳು ಮೂಡುತ್ತವೆ. ಪ್ರಾವಸ್ಥೆ ಆ ಗೆರೆಗಳ ಸ್ಥಾನದಲ್ಲಿ ಗುರುತಾಗಿ ನಿಲ್ಲುತ್ತದೆ. ಗೆರೆಗಳನ್ನು ಬರೆದುಕೊಂಡ ಫಲಕವನ್ನು ಸಂಸ್ಕರಿಸಿ, ಅದೇ ಕ್ರಮಬದ್ಧ ತರಂಗವನ್ನು ಅದರ ಮೇಲೆ ಹಾಯಿಸಿದರೆ, ಗೆರೆಗಳು ಬೆಳಕನ್ನು ವಿವರ್ತಿಸಿ ವಸ್ತುವಿನಿಂದ ಹೊರಟಿದ್ದ ತರಂಗವನ್ನೇ ಪುನಃ ಕಟ್ಟಿಕೊಡುತ್ತವೆ. ತರಂಗ ಅದೇ ಆದ ಮೇಲೆ ನೋಡುವ ಕಣ್ಣಿಗೆ ವಸ್ತು ಅಲ್ಲಿದೆಯೆಂದೇ ತೋರುವುದು ಅನಿವಾರ್ಯ. ಗೇಬರನಿಗೆ 1971ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅಷ್ಟು ವರ್ಷ ತಡವಾದುದಕ್ಕೆ ಕಾರಣವೂ ಉಂಟು. ಏಕವರ್ಣದ, ಒಂದೇ ಹೆಜ್ಜೆಯಲ್ಲಿ ಸಾಗುವ ಬೆಳಕು 1960ರಲ್ಲಿ ಲೇಸರ್ ಹುಟ್ಟುವವರೆಗೆ ಯಥೇಷ್ಟವಾಗಿ ಲಭ್ಯವಿರಲಿಲ್ಲ. ಆ ಬಳಿಕ ಮಿಶಿಗನ್ ವಿಶ್ವವಿದ್ಯಾಲಯದ ಎಮೆಟ್ ಲೀತ್ ಮತ್ತು ಯೂರಿಸ್ ಉಪಟ್ನೀಕ್ಸ್ ಎರಡು ಕಿರಣಗಳನ್ನು ಓರೆಯಾಗಿ ಬೆರೆಸಿ 1964ರಲ್ಲಿ ಆಟಿಗೆಯ ರೈಲೆಂಜಿನ್ನಿನ ಘನಬಿಂಬವನ್ನು ತೋರಿಸಿದರು. ಲೆನಿನ್‌ಗ್ರಾಡಿನ ಯೂರಿ ಡೆನಿಸ್ಯುಕ್ 1962ರಲ್ಲಿಯೇ ಕಿರಣಗಳನ್ನು ಫಲಕದ ಎದುರುಬದುರು ಪಕ್ಕಗಳಿಂದ ಹಾಯಿಸಿ, ಸಾಮಾನ್ಯ ಬಿಳಿಬೆಳಕಿನಲ್ಲಿಯೂ ಕಾಣುವ ಹೊಲೊಗ್ರಾಮಿಗೆ ದಾರಿ ತೆರೆದಿದ್ದನು.

ಈ ಗೆರೆಗಳ ಸೂಕ್ಷ್ಮತೆಯನ್ನು ಅಂಕಿಗಳಲ್ಲಿ ಅರಿತರೆ ಮುಂದಿನ ಕಷ್ಟಗಳೆಲ್ಲ ತಾವೇ ಸ್ಪಷ್ಟವಾಗುತ್ತವೆ. 633 ನ್ಯಾನೋಮೀಟರ್ ತರಂಗದೂರದ ಕೆಂಪು ಲೇಸರಿನ ಎರಡು ಕಿರಣಗಳು 30 ಡಿಗ್ರಿ ಕೋನದಲ್ಲಿ ಕೂಡಿದರೆ ಒಂದು ಮಿಲಿಮೀಟರಿನಲ್ಲಿ ಸುಮಾರು 820 ಗೆರೆಗಳು ಮೂಡುತ್ತವೆ. ಡೆನಿಸ್ಯುಕನ ವಿಧಾನದಲ್ಲಿ, ಪಟಲದ ದಪ್ಪದೊಳಗೆ, ಈ ಸಂಖ್ಯೆ 5000ದ ಹತ್ತಿರಕ್ಕೆ ಏರುತ್ತದೆ. ಬರೆದುಕೊಳ್ಳುವ ವೇಳೆಯಲ್ಲಿ ವಸ್ತುವಾಗಲಿ ಫಲಕವಾಗಲಿ ತರಂಗದೂರದ ಒಂದು ಅಲ್ಪಾಂಶದಷ್ಟು ಅಲುಗಿದರೂ ಗೆರೆಗಳು ಅಳಿಸಿಹೋಗುತ್ತವೆ. ದೃಷ್ಟಿಕೋನ ಹಿರಿದಾದಷ್ಟೂ ಗೆರೆಗಳು ಕಿರಿದಾಗಬೇಕೆಂಬುದು ಇಲ್ಲಿಯ ಮೂಲನಿಯಮ. ಸುತ್ತಲಿಂದಲೂ ನೋಡಬೇಕೆಂಬ ಅಪೇಕ್ಷೆ ಈ ನಿಯಮವನ್ನು ಅದರ ತುತ್ತತುದಿಗೆ ಕೊಂಡೊಯ್ಯುತ್ತದೆ.

ಲೀತ್ ಮತ್ತು ಉಪಟ್ನೀಕ್ಸರ ಫಲಕ ಕಿಟಕಿಯಂಥದು. ಅದರ ಮೂಲಕ ಇಣುಕಬಹುದು, ಆದರೆ ವಸ್ತುವಿನ ಬೆನ್ನನ್ನು ಕಾಣುವಂತಿಲ್ಲ. ಈ ಮಿತಿಯನ್ನು ದಾಟಿದವರಲ್ಲಿ ಅಮೆರಿಕದ ಲೇಕ್ ಫಾರೆಸ್ಟ್ ಕಾಲೇಜಿನ ಟಂಗ್ ಜಿಯಾಂಗ್ ಮತ್ತು ಅವನ ಸಂಗಡಿಗರು ಪ್ರಮುಖರು. 1966ರಲ್ಲಿ ಪ್ರಕಟವಾದ ಅವರ ವಿಧಾನ ತನ್ನ ಸರಳತೆಯಿಂದಲೇ ಮನಸ್ಸನ್ನು ಸೆಳೆಯುತ್ತದೆ. ಸಿಲಿಂಡರಿನಾಕಾರದ ಪಾತ್ರೆಯೊಂದರ ಒಳಮೈಗೆ ಫಿಲ್ಮನ್ನು ಸುತ್ತಿ, ತಳದ ನಡುವೆ ವಸ್ತುವನ್ನು ಇರಿಸಿ, ಮೇಲಿನಿಂದ ಮಸೂರದ ಮೂಲಕ ಹರಡಿದ ಒಂದೇ ಲೇಸರ್ ಕಿರಣವನ್ನು ಇಳಿಬಿಟ್ಟರೆ, ಅದರ ಹೊರವಲಯ ನೇರವಾಗಿ ಫಿಲ್ಮಿಗೆ ತಗಲುತ್ತದೆ, ನಡುಭಾಗ ವಸ್ತುವನ್ನು ಬೆಳಗಿ ಸುತ್ತಲೂ ಚೆದುರಿ ಅದೇ ಫಿಲ್ಮನ್ನು ಸೇರುತ್ತದೆ. ಎರಡು ಬೇರೆ ಕಿರಣಗಳನ್ನು ಹೊಂದಿಸುವ ತೊಡಕೇ ಇಲ್ಲ. ಸಂಸ್ಕರಿಸಿದ ಫಿಲ್ಮನ್ನು ಮತ್ತೆ ಅದೇ ಪಾತ್ರೆಯಲ್ಲಿಟ್ಟು ಮೇಲಿನಿಂದ ಅದೇ ಕಿರಣವನ್ನು ಬಿಟ್ಟಾಗ, ಬರಿದಾದ ಪಾತ್ರೆಯ ನಡುವೆ ವಸ್ತು ನಿಂತಿರುತ್ತದೆ, ಪಾತ್ರೆಯ ಸುತ್ತ ಪ್ರದಕ್ಷಿಣೆ ಬಂದವನಿಗೆ ಅದರ ಎಲ್ಲ ಮಗ್ಗುಲುಗಳೂ ಕಾಣುತ್ತವೆ. ಇದೇ ಯಥಾರ್ಥವಾದ ಸುತ್ತುನೋಟದ ಹೊಲೊಗ್ರಾಂ. ಇದರ ಶುದ್ಧತೆಯನ್ನು ಮುಂದೆ ಬಂದ ಯಾವ ಯಂತ್ರವೂ ಪೂರ್ತಿಯಾಗಿ ಮೀರಿಸಿಲ್ಲವೆಂದು ನನ್ನ ಎಣಿಕೆ. ವಸ್ತು ಪಾತ್ರೆಯೊಳಗೆ ಹಿಡಿಯುವಷ್ಟು ಚಿಕ್ಕದಾಗಿರಬೇಕು, ನಿಶ್ಚಲವಾಗಿರಬೇಕು, ನೋಡುವಾಗಲೂ ಲೇಸರ್ ಬೇಕು ಎಂಬ ನಿರ್ಬಂಧಗಳು ಮಾತ್ರ ಅದಕ್ಕೆ ಅಂಟಿಕೊಂಡವು.

1970ರ ದಶಕದ ಆರಂಭದಲ್ಲಿ ಲಾಯ್ಡ್ ಕ್ರಾಸ್ ಈ ನಿರ್ಬಂಧಗಳನ್ನು ಸಡಿಲಿಸಿದನು. ತಿರುಗುವ ಪೀಠದ ಮೇಲೆ ಮನುಷ್ಯನನ್ನು ಕುಳ್ಳಿರಿಸಿ ಸಾಧಾರಣ ಸಿನಿಮಾ ಕ್ಯಾಮರಾದಿಂದ ಚಿತ್ರಿಸಿಕೊಂಡು, ಒಂದೊಂದು ಚಿತ್ರವನ್ನೂ ಕಿರಿದಾದ ಲಂಬಪಟ್ಟಿಯ ಹೊಲೊಗ್ರಾಮಾಗಿ ಬರೆದು, ಪಟ್ಟಿಗಳನ್ನು ಒತ್ತೊತ್ತಾಗಿ ಸಾಲುಗೊಳಿಸಿ ಸಿಲಿಂಡರಿನಂತೆ ಬಾಗಿಸಿ, ಕೆಳಗಿನಿಂದ ಒಂದು ವಿದ್ಯುದ್ದೀಪವನ್ನು ಹೊತ್ತಿಸಿದರೆ, ನೋಡುವವನ ಎಡಗಣ್ಣು ಒಂದು ಪಟ್ಟಿಯ ಮೂಲಕವೂ ಬಲಗಣ್ಣು ಇನ್ನೊಂದರ ಮೂಲಕವೂ ನೋಡುವುದರಿಂದ ನಡುವಿನ ಬಯಲಲ್ಲಿ ಘನಾಕೃತಿ ಮೂಡುತ್ತದೆ. ಡಿಗ್ರಿಗೆ ಮೂರರಂತೆ ಪೂರ್ಣವೃತ್ತಕ್ಕೆ 1080 ಚಿತ್ರಗಳು ಸಾಕಾಗುತ್ತವೆ. ಪೀಠ ತಿರುಗುವಾಗ ಮನುಷ್ಯನೂ ಕೈಯೆತ್ತಿದ್ದರೆ, ಸಿಲಿಂಡರಿನ ಸುತ್ತ ನಡೆದವನಿಗೆ ಆ ಕೈ ಎದ್ದಂತೆಯೂ ಕಾಣುತ್ತದೆ. ಆದರೆ ಲಂಬದಿಕ್ಕಿನ ದೃಗ್ಭೇದವನ್ನು ಇಲ್ಲಿ ತ್ಯಜಿಸಿದ್ದಾರೆ. ತಲೆಯನ್ನು ಮೇಲೆತ್ತಿ ನೋಡಿದರೆ ನೆತ್ತಿ ಕಾಣದು, ಬಣ್ಣ ಮಾತ್ರ ಕಾಮನಬಿಲ್ಲಿನ ಕ್ರಮದಲ್ಲಿ ಬದಲಾಗುತ್ತದೆ. ಸ್ಟೀಫನ್ ಬೆಂಟನ್ 1960ರ ದಶಕದ ಕೊನೆಗೆ ಕಂಡುಹಿಡಿದ ಇಂದ್ರಧನು ಹೊಲೊಗ್ರಾಮಿನ ತತ್ತ್ವ ಇದಕ್ಕೆ ಆಧಾರ.

ಇದರ ದೂರದ ಸಂತತಿಯೆನ್ನಬಹುದಾದ ಇನ್ನೊಂದು ಪ್ರಕಾರ ಮೇಜಿನ ಮೇಲೆ ಚಪ್ಪಟೆಯಾಗಿ ಹಾಸಿದ ಹೊಲೊಗ್ರಾಂ ಹಾಳೆ. ಟೆಕ್ಸಸ್ ಪ್ರಾಂತದ ಆಸ್ಟಿನ್ನಿನ ಜೀಬ್ರಾ ಇಮೇಜಿಂಗ್ ಸಂಸ್ಥೆ, ಗಣಕಯಂತ್ರದಲ್ಲಿರುವ ನೆಲದ ಮಾದರಿಯನ್ನು ತೆಗೆದುಕೊಂಡು, ಚಿಕ್ಕ ಚಿಕ್ಕ ಚೌಕಗಳಾಗಿ ಲೇಸರಿನಿಂದ ಮುದ್ರಿಸಿ, ಮೇಲಿನಿಂದ ಒಂದು ದೀಪವನ್ನು ಬೆಳಗಿದರೆ ಬೆಟ್ಟಕಣಿವೆಗಳು ಹಾಳೆಯಿಂದ ಮೇಲೆದ್ದು, ಮೇಜಿನ ನಾಲ್ಕೂ ಕಡೆಗಳಿಂದ ನೋಡಲು ಬರುವಂತೆ ಮಾಡಿತು. ಅಮೆರಿಕದ ಸೇನೆ ಇಂಥ ಭೂಪಟಗಳನ್ನು ಬಳಸಿತು. ಈ ಪ್ರಕಾರದ ಗುಣವನ್ನು ಶಹಾಪುರದ ಬೆಟ್ಟಗಳಂಥ ಪ್ರದೇಶದಲ್ಲಿ ಊಹಿಸಿದರೆ ಅರ್ಥ ಚೆನ್ನಾಗಿ ವಿಶದವಾಗುತ್ತದೆ. ಹೆದ್ದಾರಿಯ ಒಂದು ನೆಲೆಯಿಂದ ನೋಡಿದಾಗ ಅಲ್ಲಿಯ ಗುಡ್ಡಗಳ ಸಾಲು ಮಲಗಿದ ಬುದ್ಧನಾಗಿ ತೋರುತ್ತದೆ. ಹಣೆ, ಮೂಗು, ಗಲ್ಲ, ಎದೆ ಎಲ್ಲವೂ ಬೇರೆಬೇರೆ ಗುಡ್ಡಗಳ ಅಂಚುಗಳು, ಅವು ಒಂದೇ ರೇಖೆಯಾಗಿ ಕೂಡುವುದು ಆ ಒಂದು ದಿಕ್ಕಿನಿಂದ ಮಾತ್ರ. ಛಾಯಾಚಿತ್ರಕಾರ ಬುದ್ಧನನ್ನು ಹಿಡಿಯಬಲ್ಲನು, ಆದರೆ ಗುಡ್ಡಗಳು ತಮ್ಮತಮ್ಮಲ್ಲಿ ಎಷ್ಟು ದೂರವಿವೆ ಎಂಬುದನ್ನು ಬಿಟ್ಟುಬಿಡುತ್ತಾನೆ. ಜೇಡಿಮಣ್ಣಿನ ಮಾದರಿ ಮಾಡಿದವನು ದೂರವನ್ನು ಹಿಡಿಯುತ್ತಾನೆ, ಆದರೆ ಬಂಡೆಯ ಮೇಲಿನ ಬೆಳಕು ನೆರಳುಗಳನ್ನು ಬಿಡುತ್ತಾನೆ. ಹಾಸಿದ ಹೊಲೊಗ್ರಾಮಿನಲ್ಲಿ ಎರಡೂ ಉಳಿಯುತ್ತವೆ: ಮೇಜಿನ ಒಂದು ಮಗ್ಗುಲಲ್ಲಿ ಕುಳಿತವನು ಮಲಗಿದ ಬುದ್ಧನನ್ನು ಕಾಣುತ್ತಿರುವ ಕ್ಷಣದಲ್ಲಿಯೇ ಎದುರಿಗೆ ಕುಳಿತವನು ಬಂಡೆಗಳ ರಾಶಿಯನ್ನು ಕಾಣುತ್ತಾನೆ, ಇಬ್ಬರ ನೋಟವೂ ಯಥಾರ್ಥ.

ಇದುವರೆಗೆ ಹೇಳಿದುವೆಲ್ಲ ಸ್ಥಿರವಾದ ಹೊಲೊಗ್ರಾಮುಗಳು. ಕ್ಷಣಕ್ಷಣಕ್ಕೂ ಬದಲಾಗುವ ಬಿಂಬ ಬೇಕಾದರೆ ಗೆರೆಗಳನ್ನೇ ಕ್ಷಣಕ್ಷಣಕ್ಕೂ ಅಳಿಸಿ ಬರೆಯಬೇಕು. ಇದರ ಮೊದಲ ಸಾಧನೆಯ ಹಿಂದೆ ಬೆಂಗಳೂರಿನಲ್ಲಿ ನಡೆದ ಶೋಧನೆಯೊಂದು ನಿಂತಿದೆಯೆಂಬುದನ್ನು ಕನ್ನಡಿಗರು ತಿಳಿದಿರಬೇಕು. ದ್ರವದೊಳಗೆ ಅತಿಸೂಕ್ಷ್ಮವಾದ ಶಬ್ದತರಂಗ ಹಾಯುವಾಗ ಆ ದ್ರವ ಬೆಳಕನ್ನು ಗೆರೆಕೊರೆದ ಗಾಜಿನಂತೆ ವಿವರ್ತಿಸುತ್ತದೆಂದು 1932ರಲ್ಲಿ ಅಮೆರಿಕದಲ್ಲಿಯೂ ಫ್ರಾನ್ಸಿನಲ್ಲಿಯೂ ಪ್ರಯೋಗಗಳಿಂದ ತಿಳಿದುಬಂದಿತ್ತು. ಏಕೆ ಹಾಗೆ, ಎಷ್ಟು ಬೆಳಕು ಯಾವ ದಿಕ್ಕಿಗೆ ಹೋಗುತ್ತದೆ ಎಂಬುದನ್ನು ಭಾರತೀಯ ವಿಜ್ಞಾನ ಮಂದಿರದಲ್ಲಿದ್ದ ಸರ್ ಚಂದ್ರಶೇಖರ ವೆಂಕಟರಾಮನ್ ಮತ್ತು ಅವರ ಶಿಷ್ಯ ನಾಗೇಂದ್ರನಾಥ್ 1935 ಮತ್ತು 1936ರಲ್ಲಿ ಲೇಖನಗಳ ಮಾಲೆಯಲ್ಲಿ ವಿವರಿಸಿದರು. ಶಬ್ದದ ಒತ್ತಡದಿಂದ ದ್ರವ ಅಲ್ಲಲ್ಲಿ ದಟ್ಟವಾಗಿ ಅಲ್ಲಲ್ಲಿ ವಿರಳವಾಗುತ್ತದೆ. ದಟ್ಟವಾದೆಡೆ ಬೆಳಕು ತುಸು ನಿಧಾನಿಸುತ್ತದೆ. ಒಳಹೊಕ್ಕಾಗ ಮಟ್ಟಸವಾಗಿದ್ದ ತರಂಗದ ಮುಖ ಹೊರಬರುವಾಗ ಸುಕ್ಕಾಗಿರುತ್ತದೆ. ಆ ಸುಕ್ಕೇ ಬೆಳಕನ್ನು ಹಲವು ದಿಕ್ಕುಗಳಿಗೆ ಹಂಚುತ್ತದೆ. ಅಂದರೆ ಶಬ್ದವೇ ಗೆರೆಗಳನ್ನು ಬರೆಯುವ ಲೇಖನಿ, ಬೇಕೆಂದಾಗ ಬರೆದು ಬೇಡವೆಂದಾಗ ಅಳಿಸುವ ಲೇಖನಿ. ಶಬ್ದದಿಂದ ಬೆಳಕನ್ನು ನಿಯಂತ್ರಿಸುವ ಸಾಧನಗಳ ಪಠ್ಯಗಳಲ್ಲಿ ರಾಮನ್–ನಾಥ್ ವಲಯ, ಬ್ರಾಗ್ ವಲಯ ಎಂಬ ವಿಭಾಗ ಇಂದಿಗೂ ನಡೆದುಬಂದಿದೆ.

ಐದು ದಶಕಗಳ ತರುವಾಯ, 1989ರಲ್ಲಿ, ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಬೆಂಟನ್ ಮತ್ತು ಸಂಗಡಿಗರು ಗಣಕಯಂತ್ರದಲ್ಲಿ ಎಣಿಸಿದ ಗೆರೆಗಳನ್ನು ಟೆಲ್ಯೂರಿಯಂ ಡೈಆಕ್ಸೈಡ್ ಹರಳಿನೊಳಗೆ ಶಬ್ದತರಂಗವಾಗಿ ಹಾಯಿಸಿ, ಅದರ ಮೂಲಕ ಲೇಸರ್ ಬಿಟ್ಟು, ಚಲಿಸುವ ಹೊಲೊಗ್ರಾಮನ್ನು ಮೊತ್ತಮೊದಲು ಸಾಧಿಸಿದರು. ಶಬ್ದ ಹರಳಿನಲ್ಲಿ ಓಡುತ್ತಿರುವುದರಿಂದ ಗೆರೆಗಳೂ ಓಡುತ್ತವೆ. ಆ ಓಟವನ್ನು ಸರಿದೂಗಿಸಲು ತಿರುಗುವ ಬಹುಮುಖ ಕನ್ನಡಿಯನ್ನು ಅಳವಡಿಸಬೇಕಾಯಿತು. ಬಿಂಬದ ಗಾತ್ರ ಸುಮಾರು 25 ಮಿಲಿಮೀಟರಿನ ಘನದಷ್ಟು, ನೋಟದ ಕೋನ 15 ಡಿಗ್ರಿಯ ಆಸುಪಾಸು. ಸುತ್ತುನೋಟದಿಂದ ಇದು ಬಹುದೂರವಿತ್ತಾದರೂ, ಬದಲಾಗುವ ಹೊಲೊಗ್ರಾಂ ಅಸಾಧ್ಯವೆಂಬ ಮಾತು ಅಂದಿಗೆ ಮುಗಿಯಿತು.

ಬೆಂಗಳೂರಿನ ಇನ್ನೂ ಎರಡು ಹೆಸರುಗಳನ್ನು ಇಲ್ಲಿ ಸ್ಮರಿಸತಕ್ಕುದು. ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಹರಳುಗಳ ದ್ಯುತಿಗುಣವನ್ನು ಅಧ್ಯಯನ ಮಾಡುತ್ತಿದ್ದ ಶಿವರಾಮಕೃಷ್ಣನ್ ಪಂಚರತ್ನಂ, ಇಪ್ಪತ್ತೆರಡರ ಹರೆಯದಲ್ಲಿ, 1956ರಲ್ಲಿ, ಬೆಳಕಿನ ಧ್ರುವೀಕರಣವನ್ನು ಹಂತಹಂತವಾಗಿ ಬದಲಿಸಿ ಮೊದಲಿನ ಸ್ಥಿತಿಗೆ ಮರಳಿಸಿದಾಗ ಅದರ ಪ್ರಾವಸ್ಥೆ ಮಾತ್ರ ಮೊದಲಿನಂತೆ ಇರದೆ, ನಡೆದ ಮಾರ್ಗದ ಆಕೃತಿಗೆ ತಕ್ಕಷ್ಟು ಸರಿದಿರುತ್ತದೆಂದು ತೋರಿಸಿದರು. ಮುಂದೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಕೆಲಕಾಲ ಅಧ್ಯಾಪಕರಾಗಿದ್ದು ಆಕ್ಸ್‌ಫರ್ಡಿಗೆ ತೆರಳಿದ ಅವರು 1969ರಲ್ಲಿ, ಮೂವತ್ತೈದರ ವಯಸ್ಸಿನಲ್ಲಿ, ತೀರಿಹೋದರು. ಬಹುಕಾಲ ಗಮನಕ್ಕೆ ಬಾರದಿದ್ದ ಆ ಶೋಧನೆಗೆ 1980ರ ದಶಕದಲ್ಲಿ ಮೈಕೆಲ್ ಬೆರಿಯ ಲೇಖನಗಳಿಂದ ಲೋಕಮಾನ್ಯತೆ ಒದಗಿ, ಇಂದು ಕೂದಲಿಗಿಂತ ಎಷ್ಟೋ ತೆಳುವಾದ ಪಟಲದ ಮೇಲೆ ತರಂಗದೂರಕ್ಕಿಂತ ಕಿರಿದಾದ ಕಡ್ಡಿಗಳನ್ನು ಬೇರೆಬೇರೆ ಕೋನಗಳಲ್ಲಿ ನೆಟ್ಟು ಹೊಲೊಗ್ರಾಂ ಬರೆಯುವ ವಿಧಾನಕ್ಕೆ ಅದೇ ತಳಹದಿಯಾಗಿದೆ. ಕಡ್ಡಿ ತಿರುಗಿದ ಕೋನದ ಎರಡರಷ್ಟು ಪ್ರಾವಸ್ಥೆ ಸರಿಯುತ್ತದೆ. ಮತ್ತೊಬ್ಬರು, ಉದಕಮಂಡಲದ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯಲ್ಲಿ ಸೇವೆ ಸಲ್ಲಿಸಿ, 1970ರ ದಶಕದ ಆರಂಭದಲ್ಲಿ ಭಾರತೀಯ ವಿಜ್ಞಾನ ಮಂದಿರದಲ್ಲಿ ಪ್ರಾಧ್ಯಾಪಕರಾಗಿದ್ದು, ಬಳಿಕ ಆಸ್ಟ್ರೇಲಿಯಕ್ಕೆ ಹೋದ ಪಿ. ಹರಿಹರನ್. ಹೊಲೊಗ್ರಾಫಿಯನ್ನು ಕುರಿತು ಅವರು ಬರೆದು ಕೇಂಬ್ರಿಜ್ ವಿಶ್ವವಿದ್ಯಾಲಯ ಮುದ್ರಣಾಲಯ 1984ರಲ್ಲಿ ಪ್ರಕಟಿಸಿದ ಗ್ರಂಥ ಈ ಶಾಸ್ತ್ರದ ಪ್ರಮಾಣಗ್ರಂಥಗಳಲ್ಲೊಂದು.

ಚಲಿಸುವ ಹೊಲೊಗ್ರಾಮನ್ನು ಸುತ್ತುನೋಟಕ್ಕೆ ಹಿಗ್ಗಿಸಲು ಅಡ್ಡಿಯಾದುದು ಬೆಳಕಲ್ಲ, ಲೆಕ್ಕ. ಇಂದು ಬಳಕೆಯಲ್ಲಿರುವ ಉತ್ತಮ ಪಟಲಗಳ ಪಿಕ್ಸೆಲ್ ಸುಮಾರು 3.7 ಮೈಕ್ರಾನ್ ಅಗಲ. ಹಸಿರು ಬೆಳಕನ್ನು ಅದು ಒಟ್ಟು 8 ಡಿಗ್ರಿಯಷ್ಟು ಕೋನಕ್ಕೆ ಮಾತ್ರ ಹರಡಬಲ್ಲದು. ಅರ್ಧವೃತ್ತಕ್ಕೆ ಹರಡಬೇಕಾದರೆ ಪಿಕ್ಸೆಲ್ ಕಾಲು ಮೈಕ್ರಾನಿಗೆ ಇಳಿಯಬೇಕು. ಅಂಥ ಪಿಕ್ಸೆಲ್‌ಗಳಿಂದ ಅಂಗೈಯಗಲದ, ಹತ್ತು ಸೆಂಟಿಮೀಟರ್ ಚೌಕದ ಪಟಲವೊಂದನ್ನು ತುಂಬಿಸಲು ಉದ್ದಕ್ಕೆ 4 ಲಕ್ಷ, ಅಗಲಕ್ಕೆ 4 ಲಕ್ಷ, ಒಟ್ಟು 16 ಸಾವಿರ ಕೋಟಿ ಪಿಕ್ಸೆಲ್‌ಗಳು ಬೇಕು. ಮನೆಗಳಲ್ಲಿ ಈಗ ಕಾಣುವ ಉತ್ತಮದರ್ಜೆಯ ಟೆಲಿವಿಷನ್ನಿನಲ್ಲಿ ಇರುವುದು 83 ಲಕ್ಷ. ಆ 16 ಸಾವಿರ ಕೋಟಿಯನ್ನೂ ಸೆಕೆಂಡಿಗೆ ಇಪ್ಪತ್ತು ಮೂವತ್ತು ಸಲ ಎಣಿಸಿ ಬದಲಿಸಬೇಕೆಂದರೆ ಶ್ರಮ ಎಷ್ಟೆಂಬುದನ್ನು ಊಹಿಸಿಕೊಳ್ಳಬಹುದು. ದಕ್ಷಿಣ ಕೊರಿಯದ ವಿದ್ಯುನ್ಮಾನ ಸಂಶೋಧನಾ ಸಂಸ್ಥೆಯವರು 2016ರಲ್ಲಿ ಪ್ರಕಟಿಸಿದ ಮೇಜಿನ ಮಾದರಿ ಈ ಲೆಕ್ಕವನ್ನು ಬುದ್ಧಿವಂತಿಕೆಯಿಂದ ಹಂಚಿಕೊಂಡಿತು. ಎಲ್ಲ ದಿಕ್ಕುಗಳ ನೋಟವನ್ನೂ ಒಮ್ಮೆಗೇ ಸೃಷ್ಟಿಸುವ ಬದಲು, ಅತಿವೇಗದ ಸೂಕ್ಷ್ಮದರ್ಪಣ ಪಟಲದಿಂದ ದಿಕ್ಕಿಗೊಂದರಂತೆ ಕಿರಿದಾದ ನೋಟವನ್ನು ಎಬ್ಬಿಸಿ, ತಿರುಗುವ ದ್ಯುತಿವ್ಯವಸ್ಥೆಯಿಂದ ಅವನ್ನು ಮೇಜಿನ ಸುತ್ತ ಸರದಿಯಾಗಿ ಹಂಚುವುದು ಅದರ ಯುಕ್ತಿ. ಬಿಂಬ ಸುಮಾರು ಮೂರು ಅಂಗುಲದ್ದು. ಚಿಕ್ಕದೆಂದು ಇದನ್ನು ಹಗುರಾಗಿ ಕಾಣಲಾಗದು. ವಿವರ್ತನೆಯಿಂದ ಹುಟ್ಟಿದ, ಚಲಿಸುವ, ಸುತ್ತಲಿಂದ ಕಾಣುವ ಬಿಂಬವೆಂಬ ಮೂರು ಗುಣಗಳೂ ಇದರಲ್ಲಿ ಕೂಡಿಬಂದಿವೆ.

ಹೊಲೊಗ್ರಾಫಿಯ ಹಾದಿಯನ್ನು ಬಿಟ್ಟು ಅದೇ ಫಲವನ್ನು ಅರಸಿದವರೂ ಉಂಟು. ಅಮೆರಿಕದ ಆಕ್ಚುವಾಲಿಟಿ ಸಿಸ್ಟಮ್ಸ್ ಸಂಸ್ಥೆಯ ಯಂತ್ರದಲ್ಲಿ ಪಾರದರ್ಶಕ ಗೋಳದೊಳಗೆ ತೆರೆಯೊಂದು ರಭಸದಿಂದ ತಿರುಗುತ್ತಿದ್ದು, ಅದರ ಮೇಲೆ ಒಂದು ಸುತ್ತಿನಲ್ಲಿ 198 ಸೀಳುಚಿತ್ರಗಳು, ಒಂದೊಂದರಲ್ಲಿ 768ಕ್ಕೆ 768 ಬಿಂದುಗಳಂತೆ, ಬೀಳುತ್ತಿದ್ದುವು. ಕಣ್ಣು ಅವನ್ನು ಒಂದೇ ಘನವಾಗಿ ಗ್ರಹಿಸುತ್ತಿತ್ತು. ಇಂಥ ಯಂತ್ರಗಳಲ್ಲಿ ಬಿಂಬ ನಿಜವಾಗಿ ಮೂರು ಆಯಾಮಗಳಲ್ಲಿಯೇ ಇರುತ್ತದೆ, ಆದರೆ ಬೆಳಗುವ ಬಿಂದು ತನ್ನ ಹಿಂದಿನ ಬಿಂದುವನ್ನು ಮರೆಮಾಡಲಾರದಾದ್ದರಿಂದ ಮುಖದ ಮೂಲಕ ಹೆಡಕೂ ಕಾಣುತ್ತದೆ. ವೈದ್ಯನಿಗೆ ಇದು ಅನುಕೂಲ, ಶಿಲ್ಪವನ್ನು ನೋಡಬಯಸುವವನಿಗೆ ಅಲ್ಲ. ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದವರು 2007ರಲ್ಲಿ ತೆರೆಗೆ ಬದಲಾಗಿ ಓರೆಯಾದ ಕನ್ನಡಿಯನ್ನು ತಿರುಗಿಸಿ, 1.25 ಡಿಗ್ರಿಗೆ ಒಂದರಂತೆ 288 ನೋಟಗಳನ್ನು ಸುತ್ತಲೂ ಹಂಚಿದರು. ಸುಮಾರು ಎರಡು ಅಡಿ ದೂರದಲ್ಲಿ ನಿಂತವನ ಎರಡು ಕಣ್ಣುಗಳ ನಡುವಣ ಕೋನ ಆರು ಡಿಗ್ರಿಯ ಸುಮಾರಿಗೆ ಇರುವುದರಿಂದ, ಎರಡು ಕಣ್ಣುಗಳಿಗೆ ಭಿನ್ನವಾದ ನೋಟಗಳು ದೊರೆಯುವುದಷ್ಟೇ ಅಲ್ಲದೆ ನಡುವೆ ನಾಲ್ಕಾರು ನೋಟಗಳೂ ಮಿಗುತ್ತವೆ. ಮರೆಮಾಡುವ ಗುಣವೂ ಇಲ್ಲಿ ಉಳಿಯುತ್ತದೆ. ಸೋನಿ ಸಂಸ್ಥೆ 2010ರ ಸುಮಾರಿಗೆ ತೋರಿಸಿದ ಸ್ತಂಭದಂಥ ಪುಟ್ಟ ಯಂತ್ರ 360 ನೋಟಗಳನ್ನು ಕೊಡುತ್ತಿತ್ತು. ಯೂಟಾ ಪ್ರಾಂತದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು 2018ರಲ್ಲಿ ಲೇಸರಿನ ಹಿಡಿತದಲ್ಲಿ ಒಂದು ಧೂಳಿನ ಕಣವನ್ನು ಗಾಳಿಯಲ್ಲಿ ಓಡಾಡಿಸಿ, ಅದನ್ನು ಬಣ್ಣದ ಬೆಳಕುಗಳಿಂದ ಬೆಳಗಿ, ತೆರೆಯೇ ಇಲ್ಲದೆ ಬಯಲಿನಲ್ಲಿ ಚಿತ್ರ ಬರೆದರು.

ಜನಸಾಮಾನ್ಯರು ಹೊಲೊಗ್ರಾಂ ಎಂದು ಕೇಳಿಬಲ್ಲ ಪ್ರದರ್ಶನಗಳಲ್ಲಿ ಹೆಚ್ಚಿನವು ಇವಾವುವೂ ಅಲ್ಲ. 1862ರಲ್ಲಿ ಲಂಡನ್ನಿನ ರಂಗಮಂದಿರದಲ್ಲಿ ಜಾನ್ ಪೆಪ್ಪರ್ ಓರೆಯಾದ ಗಾಜಿನಿಂದ ಭೂತವನ್ನು ತೋರಿಸಿದ ತಂತ್ರವೇ ರಾಜಕೀಯ ಸಭೆಗಳಲ್ಲಿ ದೂರದ ನಾಯಕ ವೇದಿಕೆಯ ಮೇಲೆ ಪ್ರತ್ಯಕ್ಷನಾಗುವ ಪ್ರಸಂಗಗಳಲ್ಲಿ ಕೆಲಸಮಾಡುತ್ತದೆ. 2022ರ ಜನವರಿ 23ರಂದು ದೆಹಲಿಯ ಇಂಡಿಯಾ ಗೇಟಿನ ಬಳಿ ಅನಾವರಣಗೊಂಡ ನೇತಾಜಿ ಸುಭಾಷಚಂದ್ರ ಬೋಸರ 28 ಅಡಿ ಎತ್ತರದ ಬಿಂಬವೂ ಪಾರದರ್ಶಕ ತೆರೆಯ ಮೇಲೆ 30 ಸಾವಿರ ಲ್ಯೂಮೆನ್ನಿನ ಪ್ರಕ್ಷೇಪಕದಿಂದ ಬಿಟ್ಟ ಚಿತ್ರವಾಗಿತ್ತು. ಪಕ್ಕಕ್ಕೆ ಸರಿದರೆ ಪಾರ್ಶ್ವದರ್ಶನ ದೊರೆಯುವಂತಿರಲಿಲ್ಲ. ಶಾಲೆಯ ಮಕ್ಕಳು ಮೊಬೈಲಿನ ಮೇಲೆ ಬೋರಲಿಡುವ ನಾಲ್ಕು ಮುಖದ ಪ್ಲಾಸ್ಟಿಕ್ ಗೋಪುರದಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಚಿತ್ರಗಳು ಕಾಣುವುದೇನೋ ನಿಜ, ಆದರೆ ನಾಲ್ಕೇ, ಅವುಗಳ ನಡುವಿನ ಮೂಲೆಗಳಲ್ಲಿ ಬಿಂಬ ಒಡೆದುಹೋಗುತ್ತದೆ. ಅಂಗಡಿಗಳ ಮುಂದೆ ತಿರುಗುವ ದೀಪದ ಫ್ಯಾನು ಚಪ್ಪಟೆಯಾದ ಚಿತ್ರವನ್ನಷ್ಟೇ ಕೊಡುತ್ತದೆ. ಇವು ಮನರಂಜಕವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮಕ್ಕಳಿಗೆ ಇವನ್ನು ತೋರಿಸಿ ಹೊಲೊಗ್ರಾಫಿಯೆಂದು ಕಲಿಸುವುದರಿಂದ ಗೇಬರ್ ಕಂಡುಹಿಡಿದ ತತ್ತ್ವ ಅವರಿಗೆ ತಪ್ಪಿಹೋಗುತ್ತದೆ.

ಕರ್ನಾಟಕದಲ್ಲಿ ಸ್ಥಾಪನೆಯಾದ ಒಂದು ದೊಡ್ಡ ದೃಶ್ಯಸಾಧನ ಈ ವಿಷಯಕ್ಕೆ ಪ್ರತಿಮುಖವಾಗಿ ನಿಲ್ಲುತ್ತದೆ. ಸಾರಾ ಕೆಂಡರ್‌ಡೈನ್ ಮತ್ತು ಜೆಫ್ರಿ ಶಾ ರೂಪಿಸಿ, ಜಾನ್ ಗಾಲಿಂಗ್ಸ್ ತೆಗೆದ ಸುತ್ತುಚಿತ್ರಗಳನ್ನು ಬಳಸಿಕೊಂಡ ‘ಪ್ಲೇಸ್–ಹಂಪಿ’ 2006ರಲ್ಲಿ ಫ್ರಾನ್ಸಿನ ಲೀಲ್ ನಗರದಲ್ಲಿ ಮೊದಲು ಪ್ರದರ್ಶಿತವಾಗಿ, ಮುಂದೆ ಬಳ್ಳಾರಿ ಸೀಮೆಯ ತೋರಣಗಲ್ಲಿನ ಕಲಾಧಾಮದಲ್ಲಿ ನೆಲೆಗೊಂಡಿತು. ಒಂಬತ್ತು ಮೀಟರ್ ವ್ಯಾಸದ ವರ್ತುಲಾಕಾರದ ತೆರೆಯ ನಡುವೆ ತಿರುಗುವ ಪೀಠದ ಮೇಲೆ ನಿಂತು, ಕನ್ನಡಕ ಧರಿಸಿದ ಪ್ರೇಕ್ಷಕ ಹಂಪಿಯ ಬಂಡೆಗಳನ್ನೂ ದೇವಾಲಯಗಳನ್ನೂ ಘನವಾಗಿ ಕಾಣುತ್ತಾನೆ. ಅಲ್ಲಿ ನೋಡುವವನು ಕೇಂದ್ರ, ದೃಶ್ಯ ಪರಿಧಿ. ಸುತ್ತುನೋಟದ ಹೊಲೊಗ್ರಾಮಿನಲ್ಲಿ ದೃಶ್ಯ ಕೇಂದ್ರ, ನೋಡುವವರು ಪರಿಧಿ. ಊರನ್ನು ತೋರಿಸಲು ಮೊದಲನೆಯದು ಯೋಗ್ಯ, ವಿಗ್ರಹವನ್ನು ತೋರಿಸಲು ಎರಡನೆಯದು.

ಸುರಪುರದ ಸುತ್ತಿನ ಸೀಮೆಯಲ್ಲಿ ಸುತ್ತುನೋಟದ ಹೊಲೊಗ್ರಾಮಿಗೆ ಅತ್ಯಂತ ಅರ್ಹವಾದುದು ಭೀಮಾತೀರದ ಸನ್ನತಿಯ ಬಳಿಯ ಕನಗನಹಳ್ಳಿಯ ಸ್ತೂಪ. ಶಾಸನಗಳು ಅಧೋಲೋಕ ಮಹಾಚೈತ್ಯವೆಂದು ಕರೆಯುವ ಈ ಸ್ತೂಪದ ದುಂಡನೆಯ ಒಡಲನ್ನು ಸುಣ್ಣಕಲ್ಲಿನ ಕೆತ್ತನೆಯ ಚಪ್ಪಡಿಗಳು ಸುತ್ತುವರಿದಿದ್ದುವು. ಅವುಗಳಲ್ಲೊಂದರ ಮೇಲೆ ಬ್ರಾಹ್ಮೀ ಅಕ್ಷರಗಳಲ್ಲಿ ಹೆಸರು ಕೊರೆದ ಅಶೋಕನ ಪ್ರತಿಮೆ ಇರುವುದರಿಂದ ಇದರ ಖ್ಯಾತಿ ದೇಶಾಂತರಗಳಿಗೂ ಹಬ್ಬಿದೆ. ಆ ಶಿಲ್ಪಗಳು ಪ್ರದಕ್ಷಿಣೆ ಬರುವವನಿಗಾಗಿಯೇ ರಚಿತವಾದುವು. ಅವನ್ನು ಒಂದೊಂದಾಗಿ ಗೋಡೆಗೆ ಒರಗಿಸಿ ತೋರಿಸಿದರೆ ಶಿಲ್ಪ ಕಾಣುತ್ತದೆ, ಕ್ರಮ ಕಾಣದು. 1990ರ ದಶಕದ ಉತ್ಖನನದಲ್ಲಿ ದೊರೆತ ಚಪ್ಪಡಿಗಳಲ್ಲಿ ಬಿರುಕು ಬಿಟ್ಟವೂ ತುಂಡಾದುವೂ ಬಹಳ. ಹಿಂದಿನ ಸೋವಿಯತ್ ದೇಶದವರು ಡೆನಿಸ್ಯುಕನ ವಿಧಾನದಿಂದ ವಸ್ತುಸಂಗ್ರಹಾಲಯಗಳ ಅಮೂಲ್ಯ ವಸ್ತುಗಳ ಹೊಲೊಗ್ರಾಮುಗಳನ್ನು ತೆಗೆದು ಊರೂರಿಗೆ ಒಯ್ದು ಪ್ರದರ್ಶಿಸಿದ ಮಾರ್ಗ ಇಂಥ ಭಾರವಾದ ಚಪ್ಪಡಿಗಳಿಗೆ ಒಗ್ಗಲಾರದು, ಏಕೆಂದರೆ ಅಷ್ಟು ದೊಡ್ಡ ಕಲ್ಲನ್ನು ಮೈಕ್ರಾನಿನ ಅಂಶದಷ್ಟೂ ಅಲುಗದಂತೆ ಲೇಸರಿನ ಎದುರಿಗೆ ನಿಲ್ಲಿಸುವುದು ಸುಲಭವಲ್ಲ. ಕ್ರಾಸನ ಮಾರ್ಗ ಒಗ್ಗುತ್ತದೆ. ಚಪ್ಪಡಿಯೊಂದೊಂದನ್ನೂ ಹಲವು ಕೋನಗಳಿಂದ ಸಾಧಾರಣ ಕ್ಯಾಮರಾದಲ್ಲಿ ಚಿತ್ರಿಸಿಕೊಂಡು, ಗಣಕಯಂತ್ರದಲ್ಲಿ ಅವನ್ನು ಸ್ತೂಪದ ಮೂಲಕ್ರಮದಲ್ಲಿ ಜೋಡಿಸಿ, ಡಿಗ್ರಿಗೆ ಮೂರು ನೋಟಗಳಂತೆ ಸಿಲಿಂಡರಿನಾಕಾರದ ಹೊಲೊಗ್ರಾಮಿಗೆ ಮುದ್ರಿಸಿದರೆ, ಕಲ್ಲನ್ನು ಕದಲಿಸದೆಯೇ ಇಡೀ ಚೈತ್ಯವನ್ನು ಒಂದು ಮೊಳ ಎತ್ತರದಲ್ಲಿ, ಒಂದು ವಿದ್ಯುದ್ದೀಪದ ಬೆಳಕಿನಲ್ಲಿ, ಸುರಪುರದ ಯಾವ ಶಾಲೆಯ ಕೊಠಡಿಯಲ್ಲಾದರೂ ಇರಿಸಬಹುದು. ಇದಕ್ಕೆ ಬೇಕಾದ ವಿದ್ಯೆ ಐವತ್ತು ವರ್ಷಗಳಷ್ಟು ಹಳೆಯದು.